ಮೊದಲು ಹಣದ ಲೆಕ್ಕ, ಆಮೇಲೆ ಅರ್ಜಿ: ಅಮೆರಿಕದ ದೊಡ್ಡ ಯೂನಿವರ್ಸಿಟಿ ಸೇರುವವರಿಗೆ ಸಮಗ್ರ ಮಾರ್ಗದರ್ಶಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತಾರೆ. ಅಮೆರಿಕದ ಹೆಸರಾಂತ ಯೂನಿವರ್ಸಿಟಿಗೆ ಅರ್ಜಿ ಹಾಕುವ ವಿಷಯದಲ್ಲಿ ಮಾತ್ರ ಈ ಮಾತು ಉಲ್ಟಾ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಾಗುವ ಒಂದೂವರೆ ವರ್ಷ ಮೊದಲೇ ಹಣದ ಲೆಕ್ಕ ಮುಗಿದಿರಬೇಕು.

ಹೆಚ್ಚಿನ ಮನೆಗಳಲ್ಲಿ ಹಾಗೆ ಆಗುವುದಿಲ್ಲ. ಯಾವುದೋ ರ‍್ಯಾಂಕಿಂಗ್ ಪಟ್ಟಿ ತೆಗೆದು ಮೇಲಿನ ಹತ್ತು ಹೆಸರು ಬರೆದುಕೊಳ್ಳುತ್ತಾರೆ. ವರ್ಷವಿಡೀ ಪರೀಕ್ಷೆ, ಪ್ರಬಂಧ ಅಂತ ಒದ್ದಾಡುತ್ತಾರೆ. ಮಾರ್ಚ್ ಕೊನೆಯಲ್ಲಿ ಒಂದು ಕಡೆ ಸೀಟು ಸಿಗುತ್ತದೆ. ಏಪ್ರಿಲ್‌ನಲ್ಲಿ ಮೊದಲ ಬಾರಿ ಬಿಲ್ಲನ್ನು ಸರಿಯಾಗಿ ಓದುತ್ತಾರೆ. ಮೇ 1ರೊಳಗೆ ಸೇರುತ್ತೇವೋ ಇಲ್ಲವೋ ಹೇಳಬೇಕು. ಅಷ್ಟು ದೊಡ್ಡ ನಿರ್ಧಾರಕ್ಕೆ ಉಳಿದಿರುವುದು ಒಂದು ತಿಂಗಳು!

ಈ ಬರಹ ಪಿಯುಸಿ ಮಟ್ಟದ ಓದು ಮುಗಿಸಿ ನಾಲ್ಕು ವರ್ಷದ ಪದವಿಗೆ ಹೋಗುವವರಿಗೆ. ಪಿಎಚ್‌ಡಿ ಕಥೆ ಬೇರೆ. ಅಲ್ಲಿ ದೊಡ್ಡ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಫೀಸು ಮಾಫಿ ಮಾಡಿ, ತಿಂಗಳ ಖರ್ಚಿಗೂ ಕೊಡುತ್ತವೆ.

ಹೆಜ್ಜೆ 1: ಬೋರ್ಡಿನ ಮೇಲಿನ ಬೆಲೆಗೆ ಹೆದರಬೇಡಿ, ನಂಬಲೂ ಬೇಡಿ

ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್ ತರಹದ ಖಾಸಗಿ ಯೂನಿವರ್ಸಿಟಿಯಲ್ಲಿ ಒಂದು ವರ್ಷದ ಒಟ್ಟು ಖರ್ಚು ಈಗ 90 ಸಾವಿರ ಡಾಲರ್ ಆಸುಪಾಸಿನಲ್ಲಿದೆ. ಇದರಲ್ಲಿ ಟ್ಯೂಷನ್ ಫೀಸು, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಸೇರುತ್ತವೆ. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ಡಾಲರ್ ದಾಟುತ್ತದೆ. ಇಷ್ಟು ಕೇಳಿದ ಕೂಡಲೇ ಅರ್ಧ ಜನ ‘ನಮಗಲ್ಲ’ ಅಂತ ಎದ್ದು ಹೋಗುತ್ತಾರೆ. ನಿಜವಾಗಿ ನೆರವು ಸಿಗಬಹುದಾದವರೇ ಹೀಗೆ ಎದ್ದು ಹೋಗುವುದು ಜಾಸ್ತಿ.

ಅದು ಪೂರ್ತಿ ಕೊಡಬಲ್ಲವರ ಬೆಲೆ. ಉಳಿದವರಿಗೆ ಮನೆಯ ಆದಾಯ, ಆಸ್ತಿ ನೋಡಿ ಬೆಲೆ ಇಳಿಯುತ್ತದೆ. ಪ್ರಿನ್ಸ್‌ಟನ್ 2001ರಲ್ಲೇ ತನ್ನ ನೆರವಿನ ಲೆಕ್ಕದಿಂದ ಸಾಲವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ವಾಪಸ್ ಕೊಡಬೇಕಾಗಿಲ್ಲದ ಗ್ರಾಂಟ್ ಇಟ್ಟಿತು. 2025ರ ಹೊತ್ತಿಗೆ ಈ ಪೈಪೋಟಿ ಇನ್ನೂ ಮುಂದೆ ಹೋಗಿದೆ. ವರ್ಷಕ್ಕೆ 2 ಲಕ್ಷ ಡಾಲರ್‌ವರೆಗೆ ಆದಾಯ ಇರುವ ಮನೆಯ ಮಕ್ಕಳಿಗೆ ಹಾರ್ವರ್ಡ್‌ನಲ್ಲೂ ಎಂಐಟಿಯಲ್ಲೂ ಟ್ಯೂಷನ್ ಇಲ್ಲ. ಆದಾಯ 1 ಲಕ್ಷದೊಳಗಿದ್ದರೆ ಊಟ, ವಸತಿಗೂ ತಂದೆ ತಾಯಿ ಕೊಡಬೇಕಾಗಿಲ್ಲ. ಪ್ರಿನ್ಸ್‌ಟನ್‌ನಲ್ಲಿ ಇವೇ ಎರಡು ಗೆರೆಗಳು ಸುಮಾರು 2.5 ಲಕ್ಷ ಮತ್ತು 1.5 ಲಕ್ಷ ಡಾಲರ್. ಇದೆಲ್ಲ ಆ ಆದಾಯಕ್ಕೆ ತಕ್ಕ ಮಟ್ಟದ ಆಸ್ತಿ ಇರುವವರಿಗೆ. ಆದಾಯ ಕಡಿಮೆ ತೋರಿಸಿ ಮೂರು ಕಟ್ಟಡ ಇಟ್ಟುಕೊಂಡವರಿಗೆ ಲೆಕ್ಕ ಬೇರೆ.

ಇನ್ನೊಂದು ತಪ್ಪು ಕಲ್ಪನೆ. ‘ನನ್ನ ಮಗಳು ತುಂಬಾ ಜಾಣೆ, ಐವಿ ಲೀಗ್‌ನಲ್ಲಿ ಸ್ಕಾಲರ್‌ಶಿಪ್ ಸಿಗುತ್ತೆ’ ಅನ್ನುವುದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಐವಿ ಲೀಗ್ ಅಂದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ತರಹದ ಎಂಟು ಖಾಸಗಿ ಯೂನಿವರ್ಸಿಟಿಗಳ ಗುಂಪು. ಆ ಎಂಟೂ ಅಂಕಕ್ಕಾಗಲಿ ಆಟಕ್ಕಾಗಲಿ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಅಲ್ಲಿಗೆ ಬರುವವರೆಲ್ಲ ಜಾಣರೇ, ಅಲ್ವಾ? ಅವರು ನೋಡುವುದು ನಿಮ್ಮ ಮನೆಗೆ ಎಷ್ಟು ನೆರವು ಬೇಕು ಅನ್ನುವುದನ್ನು ಮಾತ್ರ.

ಹೆಜ್ಜೆ 2: ಹಣ ಕೇಳಿದರೆ ಬಾಗಿಲು ಮುಚ್ಚುವವರು ಯಾರು, ಮುಚ್ಚದವರು ಯಾರು

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ನಿಧಾನವಾಗಿ ಓದಿ.

ಎರಡು ಮಾತು ಗೊತ್ತಿರಬೇಕು. ಒಂದು ‘ನೀಡ್ ಬ್ಲೈಂಡ್’. ಅಂದರೆ ಸೀಟು ಕೊಡುವಾಗ ನೀವು ನೆರವು ಕೇಳಿದ್ದೀರೋ ಇಲ್ಲವೋ ನೋಡುವುದಿಲ್ಲ. ಇದರ ಎದುರು ‘ನೀಡ್ ಅವೇರ್’. ಅಲ್ಲಿ ನೋಡುತ್ತಾರೆ. ಇಬ್ಬರು ಸರಿಸಮ ಇದ್ದರೆ ಹಣ ಕೇಳದವರ ಕಡೆ ತಕ್ಕಡಿ ವಾಲಬಹುದು. ಎರಡನೆಯ ಮಾತು ‘ಫುಲ್ ನೀಡ್’. ಸೀಟು ಕೊಟ್ಟ ಮೇಲೆ ನಿಮ್ಮ ಕೈಲಾಗದ ಪೂರ್ತಿ ಭಾಗವನ್ನು ತುಂಬಿಕೊಡುತ್ತೇವೆ ಅನ್ನುವ ಭರವಸೆ ಅದು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಬೇಕೆಂದಿಲ್ಲ. ಹಣದ ಕಡೆ ಕಣ್ಣು ಮುಚ್ಚಿ ಸೀಟು ಕೊಟ್ಟು, ಆಮೇಲೆ ಕೈಯನ್ನೂ ಮುಚ್ಚಿಕೊಳ್ಳುವ ಕಾಲೇಜುಗಳಿವೆ.

ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಹೆಚ್ಚಿನ ದೊಡ್ಡ ಖಾಸಗಿ ಯೂನಿವರ್ಸಿಟಿಗಳು ನೀಡ್ ಬ್ಲೈಂಡ್. ಹೊರದೇಶದ ವಿದ್ಯಾರ್ಥಿಗಳಿಗೆ ಈ ಪಟ್ಟಿ ಬಹಳ ಚಿಕ್ಕದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಿನಿಂದ ಇದ್ದವು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿದವು. 2025ರಲ್ಲಿ ಸೇರಿದ ಬ್ಯಾಚಿನಿಂದ ಬ್ರೌನ್ ಮತ್ತು ನೋಟರ್ ಡೇಮ್ ಕೂಡ. ಸ್ಟ್ಯಾನ್‌ಫರ್ಡ್ ಈ ಪಟ್ಟಿಯಲ್ಲಿಲ್ಲ. ಹೊರದೇಶದವರಿಗೆ ಅದು ನೀಡ್ ಅವೇರ್. ಆದರೆ ನೆರವು ಕೇಳಿದವರಿಗೆ ಸೀಟು ಕೊಟ್ಟರೆ ಪೂರ್ತಿ ತುಂಬಿಕೊಡುತ್ತದೆ.

ಸರ್ಕಾರಿ ಯೂನಿವರ್ಸಿಟಿಗಳ ಬಗ್ಗೆ ಜನರಿಗೆ ಭ್ರಮೆ ಜಾಸ್ತಿ. ಬರ್ಕ್ಲಿ, ಯುಸಿಎಲ್‌ಎ ಸರ್ಕಾರಿ ಆದ್ದರಿಂದ ಅಗ್ಗ ಅಂದುಕೊಳ್ಳುತ್ತಾರೆ. ಅಗ್ಗ ಆಗುವುದು ಕ್ಯಾಲಿಫೋರ್ನಿಯಾದಲ್ಲೇ ನೆಲೆಸಿದವರಿಗೆ. ಹೊರದೇಶದವರು ಮೇಲೆ ಹೆಚ್ಚುವರಿ ಫೀಸು ಕಟ್ಟಬೇಕು, ಆದಾಯ ನೋಡಿ ಕೊಡುವ ನೆರವು ಅವರಿಗೆ ಇಲ್ಲ ಎಂದೇ ಲೆಕ್ಕ. ಹಾಗಾಗಿ ಕಡಿಮೆ ಆದಾಯದ ಮನೆಯ ಹುಡುಗನಿಗೆ ಬರ್ಕ್ಲಿಗಿಂತ ಹಾರ್ವರ್ಡ್ ಅಗ್ಗ ಆಗಬಹುದು. ಕೇಳಲು ವಿಚಿತ್ರ, ಆದರೆ ಸತ್ಯ.

ಯಾವ ಕಾಲೇಜು ಹೊರದೇಶದವರಿಗೆ ನಿಜವಾಗಿ ಹಣ ಕೊಡುತ್ತದೆ ಅಂತ ತಿಳಿಯಲು ಒಂದು ದಾರಿ ಇದೆ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಅನ್ನುವ ದಾಖಲೆ ಹೊರಡಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಪದ ಸೇರಿಸಿ ಹುಡುಕಿ. ಅದರಲ್ಲಿ ‘ಎಚ್6’ ಎಂಬ ಭಾಗಕ್ಕೆ ಹೋಗಿ. ಎಷ್ಟು ಹೊರದೇಶದ ವಿದ್ಯಾರ್ಥಿಗಳಿಗೆ ನೆರವು ಸಿಕ್ಕಿದೆ, ತಲಾ ಸರಾಸರಿ ಎಷ್ಟು ಡಾಲರ್ ಅಂತ ಅಲ್ಲಿ ಬರೆದಿರುತ್ತಾರೆ. ಜಾಹೀರಾತಿನಲ್ಲಿ ‘ಉದಾರ ನೆರವು’ ಅಂತ ಬರೆದ ಕಾಲೇಜಿನ ಎಚ್6ರಲ್ಲಿ ಸರಾಸರಿ 12 ಸಾವಿರ ಇದ್ದರೆ, ಉಳಿದದ್ದನ್ನು ಯಾರು ಕೊಡಬೇಕು ಅಂತ ನಿಮಗೆ ಗೊತ್ತಾಯಿತು. ಅದೇ ದಾಖಲೆಯ ‘ಸಿ7’ ಭಾಗದಲ್ಲಿ ಅಂಕ, ಪ್ರಬಂಧ, ಶಿಫಾರಸು ಪತ್ರಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಅಂತಲೂ ಇದೆ. ಕೌನ್ಸೆಲರ್‌ಗಳು ದುಡ್ಡು ತೆಗೆದುಕೊಂಡು ಹೇಳುವುದರಲ್ಲಿ ಅರ್ಧದಷ್ಟು ಇಲ್ಲಿ ಪುಕ್ಕಟೆ ಸಿಗುತ್ತದೆ.

ಹೆಜ್ಜೆ 3: ಮನೆಯವರ ಜೊತೆ ಕೂತು ಒಂದು ಸಂಖ್ಯೆ ಬರೆಯಿರಿ

ಪ್ರತಿ ಕಾಲೇಜಿನ ಜಾಲತಾಣದಲ್ಲೂ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇರುತ್ತದೆ. 2011ರಿಂದ ಇದು ಅಲ್ಲಿನ ಕಾನೂನಿನ ಪ್ರಕಾರ ಕಡ್ಡಾಯ. ಆದಾಯ, ಉಳಿತಾಯ, ಮನೆಯಲ್ಲಿ ಎಷ್ಟು ಜನ, ಕಾಲೇಜಿನಲ್ಲಿ ಎಷ್ಟು ಮಕ್ಕಳು ಇವನ್ನೆಲ್ಲ ತುಂಬಿದರೆ ನಿಮ್ಮ ಪಾಲು ಎಷ್ಟು ಬರಬಹುದು ಅಂತ ಹೇಳುತ್ತದೆ. ಹೆಸರು, ವಿಳಾಸ ಕೊಡಬೇಕಾಗಿಲ್ಲ. ಇದನ್ನು ಮಾಡಿರುವುದು ಅಮೆರಿಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊರಗಿನವರಿಗೆ ಬರುವ ಉತ್ತರ ಅಂದಾಜು ಮಾತ್ರ. ಸ್ವಂತ ವ್ಯಾಪಾರ ಇರುವವರಿಗೂ, ತಂದೆ ತಾಯಿ ಬೇರೆಯಾಗಿರುವ ಮನೆಗೂ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ವಿಚ್ಛೇದನ ಆಗಿದ್ದರೂ ಎಷ್ಟೋ ಕಾಲೇಜುಗಳು ಇಬ್ಬರ ಆದಾಯವನ್ನೂ ಕೇಳುತ್ತವೆ.

ಲೆಕ್ಕಕ್ಕೆ ಯಾವ ವರ್ಷದ ಆದಾಯ ಹಿಡಿಯುತ್ತಾರೆ ಅನ್ನುವುದನ್ನು ಗಮನಿಸಿ. ಕಾಲೇಜು ಸೇರುವ ವರ್ಷದ್ದಲ್ಲ, ಅದಕ್ಕೂ ಎರಡು ವರ್ಷ ಹಿಂದಿನದು. 2027ರ ಶರತ್ಕಾಲದಲ್ಲಿ ಸೇರುವವರಿಗೆ 2025ರ ಆದಾಯ ಮುಖ್ಯ. ಆ ವರ್ಷ ಜಮೀನನ್ನೋ ಷೇರನ್ನೋ ಮಾರಿದರೆ ಬಂದ ಲಾಭ ಆದಾಯದ ಹಾಗೆ ಕಾಣುತ್ತದೆ. ಮಗುವಿನ ಓದಿಗೆ ಅಂತಲೇ ಮಾರಿರುತ್ತಾರೆ, ಅದರಿಂದಲೇ ನೆರವು ಕಡಿಮೆ ಆಗುತ್ತದೆ. ಮಾರುವುದೇ ಆದರೆ ಯಾವಾಗ ಅಂತ ಮೊದಲೇ ಯೋಚಿಸಿ. ಮಾರಿ ಆಗಿದ್ದರೆ ಇದು ಒಂದೇ ಸಲದ ಹಣ ಅಂತ ಕಾಲೇಜಿಗೆ ಪತ್ರ ಬರೆಯಿರಿ.

ಎಲ್ಲ ಆದ ಮೇಲೆ ಒಂದು ಕಾಗದದಲ್ಲಿ ಒಂದು ಸಂಖ್ಯೆ ಬರೆಯಿರಿ. ವರ್ಷಕ್ಕೆ ಎಷ್ಟು ಡಾಲರ್ ಸಾಲವಿಲ್ಲದೆ ಕೊಡಬಲ್ಲೆವು? ಮಕ್ಕಳ ಎದುರೇ ಈ ಮಾತು ಆಗಲಿ. ಅಪ್ಪ ‘ಅದೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ಓದು’ ಅಂದ ಮನೆಗಳಲ್ಲೇ ಏಪ್ರಿಲ್‌ನಲ್ಲಿ ಅಳು ಜಾಸ್ತಿ.

ಹೆಜ್ಜೆ 4: ಪಟ್ಟಿ ಮಾಡಿ

ಈಗ ಬರಲಿ ಕಾಲೇಜುಗಳ ಹೆಸರು. ‘ಕಾಮನ್ ಆ್ಯಪ್’ ಅನ್ನುವ ಒಂದೇ ಅರ್ಜಿಯಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ಎಂಐಟಿ ಮತ್ತು ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳಿಗೆ ಅವರದೇ ಬೇರೆ ಅರ್ಜಿ ಇದೆ. ಇಪ್ಪತ್ತಕ್ಕೂ ಹಾಕುವುದು ನನಗೆ ಇಷ್ಟವಿಲ್ಲ. ಒಂದೊಂದು ಕಾಲೇಜೂ ತನ್ನದೇ ಪ್ರಬಂಧಗಳನ್ನು ಕೇಳುತ್ತದೆ. ಹನ್ನೆರಡು ದಾಟಿದ ಮೇಲೆ ಬರೆಯುವುದೆಲ್ಲ ಸಪ್ಪೆಯಾಗುತ್ತದೆ.

ಆಮ್ಹರ್ಸ್ಟ್, ವಿಲಿಯಮ್ಸ್, ಸ್ವಾರ್ತ್‌ಮೋರ್, ಬೋಡನ್, ಪಮೋನ. ಈ ಹೆಸರುಗಳನ್ನು ನೆಂಟರ ಮುಂದೆ ಹೇಳಿದರೆ ಯಾರೂ ಬೆರಗಾಗುವುದಿಲ್ಲ. ಇವು ಚಿಕ್ಕ ಲಿಬರಲ್ ಆರ್ಟ್ಸ್ ಕಾಲೇಜುಗಳು, ಅಂದರೆ ಒಂದೇ ವಿಷಯಕ್ಕೆ ಅಂಟಿಕೊಳ್ಳದೆ ಕಲೆ, ವಿಜ್ಞಾನ ಎಲ್ಲವನ್ನೂ ಓದಿಸುವಂಥವು. ಪಾಠ ಮಾಡುವವರು ಪ್ರೊಫೆಸರುಗಳೇ, ಕ್ಲಾಸಿನಲ್ಲಿ ಜನ ಕಡಿಮೆ, ನೆರವಿನ ವಿಷಯದಲ್ಲಿ ಕೈ ದೊಡ್ಡದು. ಹೆಸರಿನ ಹೊಳಪಿಗಿಂತ ಓದು ಮುಖ್ಯ ಅನ್ನುವವರು ಇವನ್ನು ಬಿಡಬೇಡಿ.

ಆದಾಯ ಜಾಸ್ತಿ ಅಂತ ನೆರವು ಸಿಗದ, ಆದರೆ ಪೂರ್ತಿ ಕೊಡಲೂ ಆಗದ ಮಧ್ಯದ ಕುಟುಂಬಗಳಿಗೆ ಬೇರೆ ದಾರಿ ಇದೆ. ಪ್ರತಿಭೆ ನೋಡಿ ಕೊಡುವ ದೊಡ್ಡ ಸ್ಕಾಲರ್‌ಶಿಪ್‌ಗಳು ಐವಿ ಲೀಗ್‌ನ ಹೊರಗಿವೆ. ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಯ ಮೋರ್‌ಹೆಡ್-ಕೇನ್, ವರ್ಜೀನಿಯಾದ ಜೆಫರ್ಸನ್, ಡ್ಯೂಕ್‌ನ ರಾಬರ್ಟ್‌ಸನ್, ವ್ಯಾಂಡರ್‌ಬಿಲ್ಟ್‌ನ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್. ಇವುಗಳಲ್ಲಿ ಕೆಲವಕ್ಕೆ ಬೇರೆ ಅರ್ಜಿ, ಬೇರೆ ಕೊನೆ ದಿನಾಂಕ. ಅದನ್ನು ಬಿಟ್ಟುಬಿಡುವವರೇ ಹೆಚ್ಚು.

ಅಮೆರಿಕದಲ್ಲೇ ಹೈಸ್ಕೂಲು ಓದುತ್ತಿರುವ, ಕಡಿಮೆ ಆದಾಯದ ಮಕ್ಕಳನ್ನು ಕಾಲೇಜುಗಳ ಜೊತೆ ಜೋಡಿಸುವ ‘ಕ್ವೆಸ್ಟ್‌ಬ್ರಿಡ್ಜ್’ ಅನ್ನುವ ಸಂಸ್ಥೆ ಇದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅರ್ಜಿ. 15 ಕಾಲೇಜುಗಳವರೆಗೆ ಇಷ್ಟದ ಕ್ರಮದಲ್ಲಿ ಬರೆಯಬಹುದು. ಅವುಗಳಲ್ಲಿ ಒಂದರ ಜೊತೆ ಹೊಂದಾಣಿಕೆಯಾದರೆ ನಾಲ್ಕೂ ವರ್ಷದ ಪೂರ್ತಿ ಖರ್ಚು ಸಿಗುತ್ತದೆ.

ಪಟ್ಟಿಯಲ್ಲಿ ಒಂದಾದರೂ ಕಾಲೇಜು ಸೀಟೂ ಖಾತ್ರಿ, ಹಣವೂ ಖಾತ್ರಿ ಅನ್ನುವಂಥದ್ದು ಇರಲಿ. ಅದು ಯಾವ ದೇಶದಲ್ಲಿದ್ದರೂ ಸರಿ.

ಹೆಜ್ಜೆ 5: ಅರ್ಜಿ

ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಚುಟುಕಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು ನೋಡುವುದು ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ನಾಲ್ಕು ವರ್ಷದ ಅಂಕ ಮತ್ತು ನಿಮ್ಮ ಶಾಲೆಯಲ್ಲಿ ಸಿಗುವ ಕಷ್ಟದ ವಿಷಯಗಳನ್ನು ತೆಗೆದುಕೊಂಡಿದ್ದೀರೋ ಇಲ್ಲವೋ ಅನ್ನುವುದು. ಕೋವಿಡ್ ಸಮಯದಲ್ಲಿ ಎಸ್‌ಎಟಿ ಅನ್ನುವ ಪ್ರವೇಶ ಪರೀಕ್ಷೆ ಬೇಡ ಅಂದವರು ಈಗ ಮತ್ತೆ ಕೇಳುತ್ತಿದ್ದಾರೆ. ಎಂಐಟಿ 2022ರಲ್ಲಿ ವಾಪಸ್ ತಂದಿತು. ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ಹಾದಿ ಹಿಡಿದವು. ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳು ಮಾತ್ರ ಕೊಟ್ಟರೂ ನೋಡುವುದಿಲ್ಲ.

ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗ ಇದೆ. ಹತ್ತೂ ತುಂಬಲೇಬೇಕು ಅಂತಿಲ್ಲ. ಸುಮ್ನೆ ಹೆಸರಿಗೆ ಒಂದು ಎನ್‌ಜಿಒ ಹುಟ್ಟುಹಾಕಿದ್ದು ಓದುವವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಶಾಲೆ ಮುಗಿಸಿ ಅಂಗಡಿಯಲ್ಲಿ ಕೂತಿದ್ದು, ಅಜ್ಜಿಯನ್ನು ನೋಡಿಕೊಂಡಿದ್ದು ಕೂಡ ಚಟುವಟಿಕೆಯೇ. ಅದನ್ನು ಬರೆಯಲು ಮಕ್ಕಳು ನಾಚಿಕೊಳ್ಳುತ್ತಾರೆ. ಬರೆಸಿ. ಮುಖ್ಯ ಪ್ರಬಂಧಕ್ಕೆ 650 ಪದದ ಮಿತಿ. ದೊಡ್ಡ ಸಾಧನೆಯ ಕಥೆಗಿಂತ, ನಿಮಗೆ ಮಾತ್ರ ಗೊತ್ತಿರುವ ಒಂದು ಚಿಕ್ಕ ಸಂಗತಿಯನ್ನು ಸರಿಯಾಗಿ ಹೇಳಿದರೆ ಸಾಕು.

ಆಟ ಎಲ್ಲರಿಗೂ ಸಮವಾಗಿಲ್ಲ ಅನ್ನುವುದೂ ಗೊತ್ತಿರಲಿ. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರ ಅಧ್ಯಯನ ಹೊರಬಂತು. ಎಸ್‌ಎಟಿ ಅಂಕ ಒಂದೇ ಇದ್ದರೂ, ಅತಿ ಶ್ರೀಮಂತ ಶೇಕಡಾ 1ರಷ್ಟು ಮನೆಗಳ ಮಕ್ಕಳಿಗೆ ಐವಿ ಮಟ್ಟದ ಕಾಲೇಜುಗಳಿಗೆ ಸೇರಿ ಓದುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಅದು ತೋರಿಸಿತು. ಹಾರ್ವರ್ಡ್‌ನಂಥ ಕಡೆ ನೂರರಲ್ಲಿ ಐದು ಜನರಿಗೂ ಸೀಟು ಸಿಗುವುದಿಲ್ಲ. ಸಿಗದಿದ್ದರೆ ಮಗು ದಡ್ಡ ಅಂತಲ್ಲ.

ಹೆಜ್ಜೆ 6: ಬೇಗ ಹಾಕಬೇಕೇ?

ನವೆಂಬರ್ 1ರ ಸುಮಾರಿಗೆ ಬೇಗನೆ ಅರ್ಜಿ ಹಾಕಿದರೆ ಡಿಸೆಂಬರ್ ಮಧ್ಯಕ್ಕೆ ಉತ್ತರ ಬರುತ್ತದೆ. ಆದರೆ ಇದರಲ್ಲಿ ಎರಡು ಬಗೆ ಇದೆ. ಬ್ರೌನ್, ಕೊಲಂಬಿಯಾ, ಕಾರ್ನೆಲ್, ಡಾರ್ಟ್‌ಮತ್, ಪೆನ್, ಡ್ಯೂಕ್‌ಗಳಲ್ಲಿ ‘ಅರ್ಲಿ ಡಿಸಿಷನ್’. ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದ ಅದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಸೇರುವ ಒತ್ತಾಯ ಇಲ್ಲ, ಆದರೆ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗ ಹಾಕುವ ಹಾಗಿಲ್ಲ. ಎಂಐಟಿಯಲ್ಲಿ ಈ ಎರಡೂ ಕಟ್ಟುಪಾಡು ಇಲ್ಲ.

ಅರ್ಲಿ ಡಿಸಿಷನ್‌ನಲ್ಲಿ ನೀವು ಕಳೆದುಕೊಳ್ಳುವುದು ಹೋಲಿಸುವ ಅವಕಾಶ. ಒಂದೇ ನೆರವಿನ ಪತ್ರ ಬರುತ್ತದೆ, ಅದನ್ನೇ ಒಪ್ಪಬೇಕು. ಕೊಟ್ಟ ನೆರವು ಸಾಲದಿದ್ದರೆ ಒಪ್ಪಂದದಿಂದ ಹೊರಬರಲು ಬಿಡುತ್ತಾರೆ, ಅದು ನಿಜ. ಹಾಗಾಗಿ ನನ್ನ ಸಲಹೆ ಇಷ್ಟೇ. ಹೆಜ್ಜೆ 3ರಲ್ಲಿ ಬರೆದ ಸಂಖ್ಯೆ ಕ್ಯಾಲ್ಕುಲೇಟರ್ ಹೇಳಿದ್ದಕ್ಕೆ ಹೊಂದುತ್ತಿದ್ದರೆ ಧೈರ್ಯವಾಗಿ ಹಾಕಿ. ಸ್ವಲ್ಪ ಅನುಮಾನ ಇದ್ದರೂ ಜನವರಿಯ ಸಾಮಾನ್ಯ ಸುತ್ತಿಗೆ ಕಾಯಿರಿ.

ಹೆಜ್ಜೆ 7: ಹಣದ ಫಾರ್ಮುಗಳು

ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ‘ಫ್ಯಾಫ್ಸಾ’ ಅನ್ನುವ ಸರ್ಕಾರಿ ನೆರವಿನ ಅರ್ಜಿ ತುಂಬಬೇಕು. ಅದು ಉಚಿತ. ಸರ್ಕಾರದ ಪೆಲ್ ಗ್ರಾಂಟ್, ವಿದ್ಯಾರ್ಥಿ ಸಾಲ ಎಲ್ಲ ಇದರ ಮೂಲಕವೇ. ಹೊರದೇಶದವರಿಗೆ ಇದು ಇಲ್ಲ. ಎರಡೂ ಗುಂಪಿನವರು ಹೆಚ್ಚಿನ ಖಾಸಗಿ ಕಾಲೇಜುಗಳಿಗೆ ತುಂಬಬೇಕಾದ್ದು ಮನೆಯ ಹಣಕಾಸಿನ ವಿವರ ಕೇಳುವ ‘ಸಿಎಸ್‌ಎಸ್ ಪ್ರೊಫೈಲ್’ ಅನ್ನುವ ಫಾರ್ಮು. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ಹೊರದೇಶದವರಿಗೆ ಕೆಲವು ಕಾಲೇಜುಗಳು ಶುಲ್ಕ ಮಾಫಿಯ ಕೋಡ್ ಕೊಡುತ್ತವೆ. ಮೇಲ್ ಮಾಡಿ ಕೇಳಿ, ಸಂಕೋಚ ಬೇಡ. ಅರ್ಜಿ ಶುಲ್ಕಕ್ಕೂ ಹಾಗೆಯೇ.

ಫಾರ್ಮಿನಲ್ಲಿ ಮನೆಯ ಬೆಲೆ, ಸಾಲ, ಆಸ್ಪತ್ರೆ ಖರ್ಚು ಎಲ್ಲ ಕೇಳುತ್ತಾರೆ. ಕೊನೆಯಲ್ಲಿ ವಿಶೇಷ ಪರಿಸ್ಥಿತಿ ವಿವರಿಸಲು ಒಂದು ಜಾಗ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ. ಅಜ್ಜ ಅಜ್ಜಿಯನ್ನು ಸಾಕುತ್ತಿದ್ದರೆ, ಕೆಲಸ ಹೋಗಿದ್ದರೆ, ಕುಟುಂಬದ ಆಸ್ತಿ ಹಲವರ ಹೆಸರಿನಲ್ಲಿದ್ದು ನಿಮ್ಮ ಪಾಲು ಚಿಕ್ಕದಿದ್ದರೆ ಅಲ್ಲಿ ಬರೆಯಿರಿ. ನಾಲ್ಕು ಸಾಲು ಸಾಕು. ಇಂಗ್ಲಿಷ್‌ನಲ್ಲಿಲ್ಲದ ದಾಖಲೆಗಳಿಗೆ ಅನುವಾದ ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಸುಳ್ಳು ಮಾತ್ರ ಬೇಡವೇ ಬೇಡ. ತೆರಿಗೆ ಪತ್ರ, ಬ್ಯಾಂಕ್ ಪತ್ರ ಎಲ್ಲ ತಾಳೆ ನೋಡುತ್ತಾರೆ.

ಹೊರದೇಶದವರು ಬೀಳುವ ದೊಡ್ಡ ಹಳ್ಳ ಒಂದಿದೆ. ‘ಮೊದಲು ಹಣ ಬೇಡ ಅಂತ ಹಾಕೋಣ, ಸೀಟು ಸಿಕ್ಕ ಮೇಲೆ ಕೇಳೋಣ’ ಅನ್ನುವ ಜಾಣತನ. ಅನೇಕ ನೀಡ್ ಅವೇರ್ ಕಾಲೇಜುಗಳಲ್ಲಿ ಮೊದಲ ಸಲ ಕೇಳದಿದ್ದರೆ ನಾಲ್ಕೂ ವರ್ಷ ಕೇಳುವ ಹಾಗಿಲ್ಲ.

ಹೆಜ್ಜೆ 8: ನೆರವಿನ ಪತ್ರ ಓದುವುದು

ಎರಡು ಪತ್ರ ಬಂದಿವೆ ಅಂದುಕೊಳ್ಳಿ. ಮೊದಲ ಕಾಲೇಜಿನ ಒಟ್ಟು ಖರ್ಚು 90,000 ಡಾಲರ್. ಗ್ರಾಂಟ್ 62,000, ಸಾಲ 5,500, ಕ್ಯಾಂಪಸ್ ಕೆಲಸ 3,000. ‘ನೀವು ಕೊಡಬೇಕಾದ್ದು 19,500’ ಅಂತ ದಪ್ಪಕ್ಷರದಲ್ಲಿದೆ. ಎರಡನೆಯ ಕಾಲೇಜಿನ ಖರ್ಚು 84,000. ಗ್ರಾಂಟ್ 60,000, ಬೇರೇನೂ ಇಲ್ಲ. ‘ನೀವು ಕೊಡಬೇಕಾದ್ದು 24,000’ ಅಂತಿದೆ. ಮೊದಲನೆಯದು ಅಗ್ಗ ಅನ್ನಿಸುತ್ತದೆ, ಅಲ್ವಾ?

ಸಾಲ ನೀವೇ ತೀರಿಸಬೇಕು. ಕ್ಯಾಂಪಸ್ ಕೆಲಸದ ದುಡ್ಡು ಗಂಟೆಗಟ್ಟಲೆ ದುಡಿದ ಮೇಲೆ ಬರುವಂಥದ್ದು. ಎರಡನ್ನೂ ಹೊಡೆದು ಹಾಕಿ, ಒಟ್ಟು ಖರ್ಚಿನಿಂದ ಗ್ರಾಂಟ್ ಮಾತ್ರ ಕಳೆಯಿರಿ. ಮೊದಲನೆಯದಕ್ಕೆ 28,000, ಎರಡನೆಯದಕ್ಕೆ 24,000. ನಾಲ್ಕು ವರ್ಷಕ್ಕೆ 16,000 ಡಾಲರ್ ವ್ಯತ್ಯಾಸ, ಅದೂ ಎರಡನೆಯದರ ಪರವಾಗಿ. ವಿಮಾನದ ಖರ್ಚು, ಆರೋಗ್ಯ ವಿಮೆ ಪಟ್ಟಿಯಲ್ಲಿ ಸೇರಿದೆಯೋ ಇಲ್ಲವೋ ಅದನ್ನೂ ನೋಡಿ.

ನೆರವು ಸಾಲದಿದ್ದರೆ ಕೇಳಿ. ಅಪೀಲು ಮಾಡುವುದು ಅಲ್ಲಿ ಮಾಮೂಲಿ ವಿಷಯ. ‘ಇನ್ನೂ ಸ್ವಲ್ಪ ಕೊಡಿ’ ಅಂದರೆ ನಡೆಯುವುದಿಲ್ಲ, ಹೊಸ ಕಾರಣ ಅಥವಾ ದಾಖಲೆ ಇರಬೇಕು. ಅದೇ ಮಟ್ಟದ ಇನ್ನೊಂದು ಕಾಲೇಜು ಹೆಚ್ಚು ಕೊಟ್ಟಿದ್ದರೆ ಆ ಪತ್ರವನ್ನೂ ಲಗತ್ತಿಸಿ. ಹೊರಗಿನ ಸಂಸ್ಥೆಯಿಂದ ಸ್ಕಾಲರ್‌ಶಿಪ್ ಗೆದ್ದಿದ್ದರೆ ಅದು ನಿಮ್ಮ ಪಾಲನ್ನು ಇಳಿಸುತ್ತದೋ, ಕಾಲೇಜಿನ ಗ್ರಾಂಟನ್ನು ಇಳಿಸುತ್ತದೋ ಅಂತ ಬರವಣಿಗೆಯಲ್ಲಿ ಕೇಳಿ. ಎಷ್ಟೋ ಕಡೆ ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ.

ಸಾಲ ಮಾಡಿ ಹೋಗಬೇಕೇ? ಡೇಲ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಇದನ್ನು ಹುಡುಕಿದರು. ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕೂ ಬೇರೆ ಕಡೆ ಓದಿದವರು ಮುಂದೆ ಹೆಚ್ಚುಕಡಿಮೆ ಅಷ್ಟೇ ಸಂಪಾದಿಸಿದರು. ಕಡಿಮೆ ಆದಾಯದ ಮನೆಯಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡಿತು. ಚೆಟ್ಟಿಯವರ ಅಧ್ಯಯನದಲ್ಲೂ ಸರಾಸರಿ ಆದಾಯದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಅತಿ ಎತ್ತರದ ಹುದ್ದೆ ಮತ್ತು ಸಂಪಾದನೆ ತಲುಪುವ ಸಾಧ್ಯತೆ ಮಾತ್ರ ಹೆಚ್ಚು. ಪೂರ್ತಿ ನೆರವು ಸಿಕ್ಕರೆ ಕಣ್ಣು ಮುಚ್ಚಿ ಹೋಗಿ. ಎರಡು ಲಕ್ಷ ಡಾಲರ್ ಸಾಲ ಮಾಡಿ ಹೋಗುವುದಾದರೆ ನಾನು ಬೇಡ ಅನ್ನುತ್ತೇನೆ. ಒಂದು ಅಳತೆ ಬೇಕಿದ್ದರೆ, ಹೆತ್ತವರ ಆಸರೆಯಲ್ಲಿರುವ ತನ್ನದೇ ವಿದ್ಯಾರ್ಥಿಗೆ ಅಮೆರಿಕ ಸರ್ಕಾರ ಇಡೀ ಪದವಿಗೆ ಕೊಡುವ ಸಾಲದ ಮಿತಿ ಒಟ್ಟು 31,000 ಡಾಲರ್.

ಹೆಜ್ಜೆ 9: ಸೇರಿದ ಮೇಲೆ

ಹೊರದೇಶದವರಿಗೆ ಕಾಲೇಜು ವೀಸಾಕ್ಕೆ ಬೇಕಾದ ‘ಐ-20’ ಪತ್ರ ಕೊಡುವ ಮೊದಲು, ಮೊದಲ ವರ್ಷದ ನಿಮ್ಮ ಪಾಲು ಬ್ಯಾಂಕಿನಲ್ಲಿದೆ ಅಂತ ತೋರಿಸಬೇಕು. ಆಮೇಲೆ ಹೊರದೇಶದ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿಗೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್, ವೀಸಾ ಶುಲ್ಕ ಬೇರೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ ದುಡಿಯಬಹುದು. ಆ ಸಂಬಳದಲ್ಲಿ ಫೀಸು ಕಟ್ಟುತ್ತೇವೆ ಅನ್ನುವುದು ಆಗದ ಮಾತು. ಫೋನು, ಬಟ್ಟೆಗೆ ಸಾಕಾಗುತ್ತದೆ.

ಯಾರೂ ಮೊದಲೇ ಹೇಳದ ಒಂದು ಖರ್ಚು ತೆರಿಗೆ. ಟ್ಯೂಷನ್ ಮತ್ತು ಕಡ್ಡಾಯ ಪುಸ್ತಕಕ್ಕೆ ಬಂದ ಗ್ರಾಂಟಿಗೆ ತೆರಿಗೆ ಇಲ್ಲ. ಊಟ, ವಸತಿಗೆ ಬಂದ ಗ್ರಾಂಟಿಗೆ ಇದೆ. ಎಫ್-1 ವೀಸಾದವರಿಗೆ, ತೆರಿಗೆ ಒಪ್ಪಂದದ ವಿನಾಯಿತಿ ಇಲ್ಲದಿದ್ದರೆ, ಆ ಭಾಗದ ಮೇಲೆ ಶೇಕಡಾ 14 ಹಿಡಿಯುತ್ತಾರೆ. ವರ್ಷಕ್ಕೆ 20,000 ಡಾಲರ್ ಊಟ ವಸತಿ ಗ್ರಾಂಟ್ ಬಂದರೆ 2,800 ಡಾಲರ್ ಕಟ್ಟಬೇಕಾಗಬಹುದು. ‘ಪೂರ್ತಿ ಉಚಿತ’ ಅಂತ ಖುಷಿಯಲ್ಲಿ ಹೋದ ಮಕ್ಕಳ ಖಾತೆಗೆ ಮೊದಲ ಸೆಮಿಸ್ಟರಿನಲ್ಲೇ ಈ ಬಿಲ್ಲು ಬಂದು ಕೂರುತ್ತದೆ. ಇದಕ್ಕೆ ನೆರವು ಕೊಡುತ್ತೀರಾ ಅಂತ ಸೇರುವ ಮೊದಲೇ ಕೇಳಿ. ಕೆಲವು ಕಾಲೇಜುಗಳು ಕೊಡುತ್ತವೆ.

ನೆರವು ಒಂದು ಸಲ ಸಿಕ್ಕರೆ ನಾಲ್ಕು ವರ್ಷ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ಮತ್ತೆ ಕಾಗದಪತ್ರ ಕೊಡಬೇಕು. ಅಕ್ಕ ಓದು ಮುಗಿಸಿ ಹೊರಬಂದರೆ, ಕಾಲೇಜಿನಲ್ಲಿರುವ ಮಕ್ಕಳ ಸಂಖ್ಯೆ ಇಳಿಯಿತು ಅಂತ ತಮ್ಮನ ಮನೆ ಪಾಲು ಏರಬಹುದು. ಅಪ್ಪನ ಕೆಲಸ ಹೋದರೆ ಪಾಲು ಇಳಿಯಲೂಬಹುದು, ಆದರೆ ನೀವು ಹೇಳಿದರೆ ಮಾತ್ರ. ಮೊದಲ ವರ್ಷ ಕೊಟ್ಟ ಎಲ್ಲ ದಾಖಲೆಗಳ ಪ್ರತಿಯನ್ನೂ ಒಂದೇ ಫೋಲ್ಡರಿನಲ್ಲಿಡಿ. ಮುಂದಿನ ವರ್ಷ ಅವೇ ಪ್ರಶ್ನೆಗಳು ಬರುತ್ತವೆ, ಹಿಂದಿನ ಉತ್ತರದ ಜೊತೆ ಹೋಲಿಸಿ ನೋಡುವವರು ಆ ಕಡೆ ಕೂತಿರುತ್ತಾರೆ.